ದೊಡ್ಡ ಕ್ಯಾಮೆರಾ, ಚಿಕ್ಕ ಕ್ಯಾಮೆರಾ

1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ನಡೆದದ್ದನ್ನು ನಾನು ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಪಾಠ ಮಾಡುತ್ತ ಬಂದಿದ್ದೇನೆ. ಪ್ರಾರ್ಥನಾ ಸಭೆ, ಮೂರು ಗುಂಡು, ದೇಶದ ಕಣ್ಣೀರು. ಇಷ್ಟನ್ನು ಹೇಳಿ, ಬೋರ್ಡಿನ ಮೇಲೆ ಇಸವಿ ಬರೆದು, ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಆ ದಿನ ಅಲ್ಲಿಗೆ ಹೋದ ಇಬ್ಬರು ಛಾಯಾಗ್ರಾಹಕರ ಕಥೆ, ಹೊರಟು ಅರ್ಧ ದಾರಿಯಿಂದ ಹಿಂದಿರುಗಿದ ಇನ್ನೊಬ್ಬರ ಕಥೆ ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಮೂವರಲ್ಲಿ ಇಬ್ಬರು ಹೆಂಗಸರು. ಅವರ ವಿಷಯವನ್ನು ನಾನು ಹುಡುಕಿಕೊಂಡು ಓದಿದ್ದು, ನನ್ನ ತಂಗಿಯ ಮಗಳ ಕ್ಯಾಮೆರಾ ಪ್ರಸ್ತಾಪ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳವಾದ ಮೇಲೆ.

ಹುಡುಗಿ ಡಿಗ್ರಿ ಮುಗಿಸಿ ನಮ್ಮೂರಿನ ಒಂದು ಸ್ಟುಡಿಯೋದಲ್ಲಿ ಎರಡು ವರ್ಷ ಆಲ್ಬಮ್ ಜೋಡಿಸುವ ಕೆಲಸ ಮಾಡಿದಳು. ಬೇರೆಯವರು ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಸಾಕಾಗಿ, ಇನ್ನು ತಾನೇ ಮದುವೆ, ನಾಮಕರಣ, ಸೀಮಂತಗಳಿಗೆ ಹೋಗಿ ಫೋಟೋ ತೆಗೆಯುತ್ತೇನೆ ಎಂದಳು. ಅದಕ್ಕೆ ಮಿರರ್‌ಲೆಸ್ ಎನ್ನುವ ವೃತ್ತಿಪರರ ಕ್ಯಾಮೆರಾ ಬೇಕು. ಲೆನ್ಸೂ ಸೇರಿದರೆ ಲಕ್ಷ ದಾಟುತ್ತದೆ. ಕಂತಿನ ಸಾಲಕ್ಕೆ ಅಪ್ಪನ ಸಹಿ ಬೇಕು. ತಂಗಿಯ ಗಂಡ ಕೆಟ್ಟವರೇನಲ್ಲ, ಲೆಕ್ಕಾಚಾರದ ಮನುಷ್ಯ. "ಅತ್ತಿಗೆ, ನೀವಾದರೂ ಹೇಳಿ. ಜೇಬಿನಲ್ಲಿ ಹಿಡಿಸುವಂಥ ಒಳ್ಳೆ ಕ್ಯಾಮೆರಾಗಳೇ ಬಂದಿವೆ. ಹೆಣ್ಣುಮಗಳಿಗೆ ಅಷ್ಟು ದೊಡ್ಡದು ಹೊತ್ತುಕೊಂಡು ತಿರುಗುವ ಉಸಾಬರಿ ಯಾಕೆ?" ಎಂದರು. ಅವಳು, "ದೊಡ್ಡಮ್ಮ, ನೀನು ಹಿಸ್ಟರಿ ಟೀಚರ್ ಅಲ್ವಾ, ನೀನೇ ತೀರ್ಮಾನ ಮಾಡು" ಎಂದು ನನ್ನ ಕೊರಳಿಗೇ ಕಟ್ಟಿದಳು.

ಕ್ಯಾಮೆರಾದ ಚರಿತ್ರೆಯಲ್ಲಿ ಈ ದೊಡ್ಡದು–ಚಿಕ್ಕದು ಎನ್ನುವ ವ್ಯಾಜ್ಯ ಎಷ್ಟು ಹಳೆಯದೆಂದು ಆಗ ನನಗೆ ಗೊತ್ತಿರಲಿಲ್ಲ.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆ ಕ್ಯಾಮೆರಾ ಮಾರಾಟಕ್ಕೆ ತಂದ. ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವಷ್ಟು ಸುರುಳಿ ಮೊದಲೇ ತುಂಬಿರುತ್ತಿತ್ತು. ತೆಗೆದು ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಅವರು ತೊಳೆದು, ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಒಂದೇ ಡಾಲರಿನ ಬ್ರೌನಿ ಬಂತು. ಆ ಕಂಪನಿಯ ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದು ನಿಂತವಳು ಹೆಚ್ಚಾಗಿ ಒಬ್ಬ ಯುವತಿ. ಹೆಂಗಸರ ಕೈಗೆ ಕ್ಯಾಮೆರಾ ಬಂದದ್ದು ದೊಡ್ಡ ಸಂಗತಿ ಎಂದು ನಾವು ಹಿಗ್ಗಬಹುದು. ಆದರೆ ಜಾಹೀರಾತಿನ ಒಳಮಾತು ಬೇರೆ. ಇದು ಎಷ್ಟು ಸುಲಭವೆಂದರೆ ಹೆಂಗಸರೂ ಮಕ್ಕಳೂ ಕೂಡ ಮಾಡಬಹುದು! ತಂಗಿಯ ಗಂಡನ ಮಾತಿಗೂ ಇದಕ್ಕೂ ನೂರು ವರ್ಷಕ್ಕೂ ಮೀರಿದ ಅಂತರ, ಅರ್ಥ ಮಾತ್ರ ಒಂದೇ.

ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಆಗ್ಫಾ ಕ್ಲಿಕ್ ಇತ್ತು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರಗಳು. ಅಂಥ ಸರಳ ಯಂತ್ರ ಇನ್ನೊಂದಿಲ್ಲ. ಒತ್ತುವುದು, ತಿರುಗಿಸುವುದು, ಅಷ್ಟೆ. ಆದರೂ ಅದು ಅಪ್ಪನ ಕೈಯಿಂದ ಅಮ್ಮನ ಕೈಗೆ ಬಂದದ್ದನ್ನು ನಾನು ಕಂಡಿಲ್ಲ. ಬೀರುವಿನಲ್ಲಿ ಬಂಗಾರದ ಪಕ್ಕದಲ್ಲಿ ಇರುತ್ತಿತ್ತು. ಬಂಗಾರವಾದರೂ ಅಮ್ಮನದು! ಸುಲಭವಾದದ್ದೆಲ್ಲ ಹೆಂಗಸರ ಕೈಗೆ ತಾನಾಗಿಯೇ ಬರುತ್ತದೆ ಎನ್ನುವುದನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಜೇಬಿನ ಕ್ಯಾಮೆರಾದ ನಿಜವಾದ ಪೂರ್ವಜನಿಗೆ ಬರೋಣ. ಜರ್ಮನಿಯ ವೆಟ್ಜ್‌ಲಾರ್ ಊರಿನಲ್ಲಿ ಸೂಕ್ಷ್ಮದರ್ಶಕ ತಯಾರಿಸುವ ಲೈಟ್ಜ್ ಕಂಪನಿಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಇದ್ದ. ಅವನಿಗೆ ಆಸ್ತಮಾ. ಬೆಟ್ಟಗುಡ್ಡ ಅಲೆದು ಫೋಟೋ ತೆಗೆಯುವ ಆಸೆ, ಆದರೆ ಗಾಜಿನ ತಟ್ಟೆಗಳ ಭಾರದ ಕ್ಯಾಮೆರಾ ಹೊರಲು ಉಸಿರು ಸಾಲದು. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮನ್ನೇ ತೆಗೆದುಕೊಂಡು, ಸಿನಿಮಾದ ಒಂದು ಚೌಕಟ್ಟಿನ ಎರಡರಷ್ಟು ಅಳತೆ ಇಟ್ಟು, ಅಂಗೈಯಗಲದ ಕ್ಯಾಮೆರಾ ಮಾಡಿದ. ಮಾದರಿ ಸಿದ್ಧವಾದದ್ದು ಮೊದಲನೇ ಮಹಾಯುದ್ಧದ ಹೊತ್ತಿಗೆ. ಲೈಕಾ ಎಂಬ ಹೆಸರಿನಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರ ಮುಂದೆ ಬಂದದ್ದು 1925ರಲ್ಲಿ. ಮೊದಲ ಲೈಕಾದ ಮಸೂರವನ್ನು ಬಿಚ್ಚಿ ಬದಲಿಸಲು ಬರುತ್ತಿರಲಿಲ್ಲ, ಒಳಕ್ಕೆ ತಳ್ಳಿ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಎಂದರೆ ಅದು ಅಪ್ಪಟ ಜೇಬಿನ ಕ್ಯಾಮೆರಾ. ಅದರ ಚಿತ್ರದ ಅಳತೆ 24×36 ಮಿಲಿಮೀಟರ್.

ಈ ಅಳತೆಯನ್ನು ನೆನಪಿಟ್ಟುಕೊಳ್ಳಿ. ಇಂದು ಲಕ್ಷಾಂತರ ರೂಪಾಯಿಯ ಮಿರರ್‌ಲೆಸ್ ಕ್ಯಾಮೆರಾದ ಪೆಟ್ಟಿಗೆಯ ಮೇಲೆ 'ಫುಲ್ ಫ್ರೇಮ್' ಎಂದು ಹೆಮ್ಮೆಯಿಂದ ಅಚ್ಚುಹಾಕುತ್ತಾರಲ್ಲ, ಅದರೊಳಗಿನ ಬೆಳಕು ಹಿಡಿಯುವ ಫಲಕದ ಅಳತೆ ಇದೇ. ಉಸಿರಾಡಲು ಕಷ್ಟಪಡುತ್ತಿದ್ದವನೊಬ್ಬ ತನ್ನ ಜೇಬಿಗೆಂದು ಮಾಡಿಕೊಂಡ ಅಳತೆ ಇವತ್ತು ವೃತ್ತಿಪರರ ಅಳತೆ. ಅಂದಿನ ಪತ್ರಿಕಾ ಛಾಯಾಗ್ರಾಹಕರಿಗೆ ಅದು ಆಟಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರ ಕೈಯಲ್ಲಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಫಿಲ್ಮ್ ಹಾಳೆ 4×5 ಅಂಗುಲ, ಲೈಕಾದ ಚೌಕಟ್ಟಿನ ಸುಮಾರು ಹದಿನೈದು ಪಟ್ಟು. ತೂಕ ಎರಡೂವರೆ ಕಿಲೋಗೂ ಮೇಲೆ. ಪ್ರತಿ ಚಿತ್ರಕ್ಕೂ ಹಾಳೆ ಬದಲಿಸಬೇಕು, ಮಬ್ಬಿನಲ್ಲಿ ಪ್ರತಿ ಸಲಕ್ಕೂ ಹೊಸ ಫ್ಲಾಶ್ ಬಲ್ಬು ಸಿಕ್ಕಿಸಬೇಕು.

ಈಗ ಬಿರ್ಲಾ ಭವನಕ್ಕೆ. ಮಾರ್ಗರೆಟ್ ಬರ್ಕ್-ವೈಟ್ ಅಮೆರಿಕದವರು. 1936ರಲ್ಲಿ 'ಲೈಫ್' ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟಕ್ಕೆ ಅವರದೇ ಚಿತ್ರ. ಗಾಂಧೀಜಿ ಚರಕದ ಹಿಂದೆ ಕುಳಿತು ಓದುತ್ತಿರುವ ಪ್ರಸಿದ್ಧ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. 1946ರಲ್ಲಿ ಅದನ್ನು ತೆಗೆದದ್ದು ಈಕೆಯೇ. ಮೊದಲು ನೂಲುವುದನ್ನು ಕಲಿತು ಬಾ ಎಂದರಂತೆ ಆಶ್ರಮದವರು, ಕಲಿತರು. ಮೂರೇ ಬಲ್ಬು ಎಂದು ಕರಾರು ಹಾಕಿದರು. ಮೊದಲೆರಡು ಕೈಕೊಟ್ಟವು, ಮೂರನೆಯದಕ್ಕೆ ಚಿತ್ರ ದಕ್ಕಿತು. ಎರಡು ವರ್ಷದ ನಂತರ ಜನವರಿ 30ರಂದು ಗಾಂಧೀಜಿಯವರನ್ನು ಸಂದರ್ಶಿಸಿ ಹೋದ ಕೆಲವೇ ಗಂಟೆಗಳಲ್ಲಿ ಹತ್ಯೆಯ ಸುದ್ದಿ ಬಂತು. ಓಡಿ ಬಂದು ದೇಹ ಮಲಗಿಸಿದ್ದ ಕೋಣೆಗೆ ಹೇಗೋ ಸೇರಿಕೊಂಡರು. ಚಿತ್ರ ತೆಗೆದರು. ಅಳುತ್ತ ಕುಳಿತಿದ್ದವರ ನಡುವೆ ಫ್ಲಾಶ್ ಬಲ್ಬಿನ ಬೆಳಕು ಸಿಡಿಯಿತು. ಜನ ಕೆರಳಿದರು. ಅವರ ಕ್ಯಾಮೆರಾದಿಂದ ಫಿಲ್ಮ್ ತೆಗೆಸಿ, ಆಕೆಯನ್ನು ಹೊರಗೆ ಕಳಿಸಿದರು.

ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸಾಂ ಕೂಡ ಅದೇ ದಿನ ಗಾಂಧೀಜಿಯವರನ್ನು ಕಂಡು ಹೋಗಿದ್ದವರು. ಅವರ ಕೈಯಲ್ಲಿ ಇದ್ದದ್ದು ಲೈಕಾ. ಹೊಳೆಯುವ ಭಾಗಗಳು ಯಾರ ಕಣ್ಣಿಗೂ ಬೀಳದಿರಲೆಂದು ಅದಕ್ಕೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು. ಫ್ಲಾಶ್ ಅವರಿಗೆ ಆಗದು. ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಕತ್ತಲಲ್ಲಿ ನಿಂತು ನೆರೆದ ಜನಕ್ಕೆ ಸಾವಿನ ಸುದ್ದಿ ಹೇಳುತ್ತಿರುವ ಚಿತ್ರ ಅವರದು. ಬೆಳಕು ಸಾಲದು, ಅಂಚುಗಳು ಮಸುಕು. ನಮ್ಮೂರಿನ ಸ್ಟುಡಿಯೋದವರು ಅದನ್ನು ಕೆಟ್ಟ ಫೋಟೋ ಎಂದು ಬದಿಗಿಡುತ್ತಿದ್ದರೇನೋ. ಆದರೆ ಆ ರಾತ್ರಿಯದೆಂದು ಲೋಕ ಇಟ್ಟುಕೊಂಡ ಚಿತ್ರಗಳಲ್ಲಿ ಅದು ಮುಖ್ಯವಾದದ್ದು.

ಇಷ್ಟು ಹೇಳಿದೊಡನೆ ತಂಗಿಯ ಗಂಡ, "ನೋಡಿದೆಯಾ, ಚಿಕ್ಕದೇ ಗೆದ್ದಿತು" ಎಂದು ಮಗಳ ಕಡೆ ತಿರುಗಿದರು. ಮೂರನೆಯವರ ಕಥೆ ಇನ್ನೂ ಇತ್ತು.

ಹೋಮಾಯಿ ವ್ಯಾರಾವಾಲಾ ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬದಲ್ಲಿ. ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಓದಿದರು; ಕ್ಯಾಮೆರಾ ಕಲಿಸಿದವರು ಮುಂದೆ ಪತಿಯಾದ ಮಾಣೆಕ್‌ಶಾ. ಮೊದಮೊದಲು ಇವರು ತೆಗೆದ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದದ್ದು ಗಂಡನ ಹೆಸರಿನಲ್ಲಿ. 1942ರಲ್ಲಿ ದೆಹಲಿಗೆ ಬಂದು ಬ್ರಿಟಿಷ್ ವಾರ್ತಾ ಇಲಾಖೆ ಸೇರಿದರು. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಚರಿತ್ರೆ ಅವರನ್ನು ಗುರುತಿಸುತ್ತದೆ. ಸೀರೆ ಉಟ್ಟು, ಸಾಮಾನು ಹೊತ್ತು, ದೆಹಲಿಯ ರಸ್ತೆಗಳಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರು. ಅವರ ಕ್ಯಾಮೆರಾಗಳು ಸ್ಪೀಡ್ ಗ್ರಾಫಿಕ್ ಮತ್ತು ರೋಲಿಫ್ಲೆಕ್ಸ್. ಜೇಬಿನ ಕ್ಯಾಮೆರಾ ಎನ್ನುತ್ತೇವಲ್ಲ, ಸೀರೆಗೆ ಜೇಬೆಲ್ಲಿದೆ? ಆ ಹೆಸರಿಟ್ಟವರು ಕೋಟು ಹಾಕುವವರೇ ಇರಬೇಕು.

ಹೋಮಾಯಿಯವರ ಹಳೆಯ ಭಾವಚಿತ್ರಗಳಲ್ಲಿ ಆ ದೊಡ್ಡ ಕ್ಯಾಮೆರಾ ಎದೆಯ ಅಗಲಕ್ಕೂ ಇದೆ. ಎಷ್ಟು ಭಾರವಿದ್ದಿರಬೇಕು ಎಂದು ಮೊದಲು ಮರುಕವಾಗುತ್ತದೆ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಬೇರೆಯದೇ ಹೊಳೆಯುತ್ತದೆ. ಸುತ್ತ ಎಲ್ಲರೂ ಗಂಡಸರು. ವೈಸರಾಯ್, ಪ್ರಧಾನಿ, ರಾಯಭಾರಿಗಳು. ಸೀರೆ ಉಟ್ಟ ಒಬ್ಬಾಕೆ ಮುಂದಿನ ಸಾಲಿಗೆ ಬಂದು ನಿಂತರೆ ಯಾರ ಮನೆಯಾಕೆ ಎಂದು ಕೇಳಬಹುದಾದ ಸಭೆಗಳು ಅವು. ಆ ಕ್ಯಾಮೆರಾ ಎದುರಿಗಿದ್ದಾಗ ಆ ಪ್ರಶ್ನೆ ಬಾಯಿಗೆ ಬರುವುದು ಕಷ್ಟ. ಈಕೆ ಕೆಲಸಕ್ಕೆ ಬಂದವಳು ಎನ್ನುವುದನ್ನು ಎರಡೂವರೆ ಕಿಲೋ ಯಂತ್ರವೇ ಹೇಳುತ್ತಿತ್ತು.

ಜನವರಿ 30ರ ಸಂಜೆ ಅವರೂ ಬಿರ್ಲಾ ಭವನಕ್ಕೆ ಹೊರಟಿದ್ದರು. ನಾಳೆ ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಗಂಡ ಹಿಂದಕ್ಕೆ ಕರೆದರು, ಬಂದರು. ಅದೊಂದು ಕೊರಗು ಕೊನೆಯವರೆಗೂ ಉಳಿಯಿತು. ಅಂತ್ಯಕ್ರಿಯೆಯ ಚಿತ್ರಗಳನ್ನು ತೆಗೆದರು. ಚಿಕ್ಕದಿರಲಿ, ದೊಡ್ಡದಿರಲಿ, ಕ್ಯಾಮೆರಾ ಇರುವವಳು ಅಲ್ಲಿ ಇರಬೇಕಷ್ಟೆ ಎಂದು ನಾನು ಹೇಳಿದಾಗ ತಂಗಿ ಗಂಡನ ಮುಖ ನೋಡಿದಳು, ಅವರು ಪೇಪರ್ ನೋಡಿದರು.

ಇದರ ಮೇಲೆ ಅಂಗಡಿಗೆ ಹೋಗಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆವು. ಹಳೆಯ ವೃತ್ತಿಪರ ಕ್ಯಾಮೆರಾಗಳ ಒಳಗೆ ಓರೆಯಾದ ಒಂದು ಕನ್ನಡಿ ಇರುತ್ತಿತ್ತು. ಲೆನ್ಸಿನ ಬೆಳಕನ್ನು ಕಣ್ಣಿಗೆ ತೋರಿಸಿ, ಬಟನ್ ಒತ್ತಿದಾಗ ಟಪ್ ಎಂದು ಮೇಲೇಳುತ್ತಿತ್ತು. 2008ರ ಸುಮಾರಿಗೆ ಬಂದ ಹೊಸ ಬಗೆಯಲ್ಲಿ ಆ ಕನ್ನಡಿ ಇಲ್ಲ, ಚಿಕ್ಕ ಪರದೆಯೇ ಚಿತ್ರ ತೋರಿಸುತ್ತದೆ. ಬೇಕೆಂದರೆ ಸದ್ದೇ ಇಲ್ಲದೆ ತೆಗೆಯಬಹುದು. ಒಳ್ಳೆಯ ಜೇಬಿನ ಕ್ಯಾಮೆರಾದಲ್ಲೂ ಈಗ 'ಒಂದಂಗುಲ' ಎಂದು ಕರೆಯುವ ಫಲಕ ಇರುತ್ತದೆ. ಹೆಸರು ಹಾಗಿದ್ದರೂ ಅಳತೆ ಸುಮಾರು 13×9 ಮಿಲಿಮೀಟರ್, ದೊಡ್ಡದರ ಏಳನೇ ಒಂದು ಭಾಗ. ಹಗಲು ಬೆಳಕಿನಲ್ಲಿ ತೆಗೆದರೆ ನನ್ನ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಹಿಂದಿನ ಮಬ್ಬು ಗೋಡೌನಿನಲ್ಲಿ ತೆಗೆದಾಗ ಚಿಕ್ಕದರ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು. ಮದುವೆ ಛತ್ರದ ಊಟದ ಮನೆ, ಬೆಳಗಿನ ಜಾವದ ಧಾರೆ, ದೇವರ ಕೋಣೆ ಎಲ್ಲವೂ ಅಂಥ ಬೆಳಕಿನವೇ. ತೂಕದಲ್ಲಿ ಮಾತ್ರ ಚಿಕ್ಕದು ಕಾಲು ಕಿಲೋ ಆಸುಪಾಸು; ದೊಡ್ಡದು ಭಾರದ ಲೆನ್ಸೂ ಸೇರಿ ಒಂದೂವರೆ ಕಿಲೋ ಹತ್ತಿರ. ಎಂಟು ಗಂಟೆ ಕೊರಳಲ್ಲಿ ತೂಗಿದರೆ ಏನಾಗುತ್ತದೆಂದು ಕತ್ತು ನೋವಿನ ನನಗೆ ಯಾರೂ ಹೇಳಬೇಕಿಲ್ಲ.

ನನ್ನೊಬ್ಬಳಿಗೇ ಕೊಳ್ಳುವುದಾದರೆ ನಾನು ಚಿಕ್ಕದನ್ನೇ ಆರಿಸುತ್ತಿದ್ದೆ. ತವರಿನ ಅಡುಗೆಮನೆ, ಒನಕೆ ಹಿಡಿಯುತ್ತಿದ್ದ ಮುದುಕಿಯರು, ಶಾಲೆಯ ಕಟ್ಟೆ ಇಂಥವನ್ನು ಯಾರನ್ನೂ ಎಚ್ಚರಿಸದೆ ತೆಗೆಯಲು ಅದೇ ಸರಿ. ಬಾಣಂತಿ ಕೋಣೆಗೆ ಒಂದೂವರೆ ಕಿಲೋ ಯಂತ್ರ ಒಯ್ದರೆ ಮಗುವೂ ಅತ್ತೀತು. ಆದರೆ ಕೇಳಿದವಳು ನಾನಲ್ಲ. ಛತ್ರದ ಮಂಟಪದ ಮುಂದೆ ನಾಲ್ಕು ಜನ ಗಂಡಸು ಫೋಟೋದವರ ನಡುವೆ ಇಪ್ಪತ್ತಮೂರು ವರ್ಷದ ಹುಡುಗಿ ನಿಲ್ಲಬೇಕು. ಜೇಬಿನದನ್ನು ಹಿಡಿದು ನಿಂತರೆ, ಎಷ್ಟೇ ಚೆನ್ನಾಗಿ ತೆಗೆದರೂ, ಹೆಣ್ಣಿನ ಕಡೆಯ ನೆಂಟರ ಹುಡುಗಿ ಎಂದುಕೊಂಡು ಪಕ್ಕಕ್ಕೆ ಸರಿಸುತ್ತಾರೆ. ಕೂಲಿ ಕೇಳಲೂ ಅವಳಿಗೆ ಸಂಕೋಚ, ಕೊಡುವವರಿಗೂ ಉದಾಸೀನ. ಇದು ಸರಿಯೇ ಎಂದು ಕೇಳಿದರೆ ಸರಿಯಲ್ಲ. ನಮ್ಮೂರು ಸರಿಯಾಗುವವರೆಗೆ ಅವಳು ಕಾಯಬೇಕೆ?

ದೊಡ್ಡದಕ್ಕೇ ನನ್ನ ಮತ ಎಂದೆ. ಲೆನ್ಸಿನ ವಿಷಯದಲ್ಲಿ ಮಾತ್ರ ತಂಗಿಯ ಗಂಡನ ಲೆಕ್ಕ ನಡೆಯಿತು: ಒಂದೇ ಲೆನ್ಸು, 50 ಮಿಲಿಮೀಟರಿನದು, ಹಗುರ, ಬೆಲೆಯೂ ಕಡಿಮೆ. ಹತ್ತಿರದ್ದು ಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗು, ದೂರದ್ದು ಬೇಕಾದರೆ ಹಿಂದೆ ಬಾ ಎಂದರು. ಕಾರ್ಟಿಯೆ-ಬ್ರೆಸಾಂ ಕೂಡ ಹೆಚ್ಚಾಗಿ ಬಳಸಿದ್ದು ಇದೇ ಅಳತೆಯ ಲೆನ್ಸು ಎಂದು ನಾನು ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು.

ಹೋಮಾಯಿ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸ ತಲೆಮಾರಿನ ಛಾಯಾಗ್ರಾಹಕರ ನೂಕುನುಗ್ಗಲು ಅವರಿಗೆ ಹಿಡಿಸಲಿಲ್ಲ. 2011ರಲ್ಲಿ ಪದ್ಮವಿಭೂಷಣ ಬಂತು, ಮರುವರ್ಷ ತೀರಿಕೊಂಡರು. ಈ ಹುಡುಗಿಗೆ ಅವರ ಹೆಸರು ಈಗ ಗೊತ್ತು. ಹೋದ ತಿಂಗಳು ಒಂದು ನಾಮಕರಣಕ್ಕೆ ಹೋಗಿದ್ದಳು. ತೊಟ್ಟಿಲ ಸುತ್ತ ಮುತ್ತಿಕೊಂಡಿದ್ದವರಲ್ಲಿ ಒಬ್ಬ ಅಜ್ಜಿ, "ಸ್ವಲ್ಪ ಜಾಗ ಬಿಡ್ರಮ್ಮಾ, ಫೋಟೋದವರು ಬಂದ್ರು" ಎಂದರಂತೆ. ಸಾಲದ ಮೊದಲ ಕಂತು ಕಟ್ಟಿಯಾಗಿದೆ. ಇನ್ನು ಹದಿನೇಳು ಇವೆ.