ಹಲಗೆಯಾದ ಮರ

ಶಾಲೆಯನ್ನು ತನ್ನ ಹೆಸರಿನಲ್ಲೇ ಹೊತ್ತುಕೊಂಡಿರುವ ಮರ ಒಂದಿದೆ, ಗೊತ್ತಾ? ನಮ್ಮ ಹಾಲೆ ಮರ. 1767ರಲ್ಲಿ ಲಿನೇಯಸ್ ಅದಕ್ಕಿಟ್ಟ ಲ್ಯಾಟಿನ್ ಹೆಸರಿನ ಬಾಲದಲ್ಲಿ 'ಸ್ಕಾಲರಿಸ್' ಅಂತಿದೆ. ಯಾಕಂದ್ರೆ ಅದರ ಹಗುರವಾದ ಬಿಳಿ ಕಟ್ಟಿಗೆಯಿಂದ ಮಕ್ಕಳು ಬರೆಯೋ ಹಲಗೆ ಮಾಡ್ತಿದ್ದರು. ಸಂಸ್ಕೃತದಲ್ಲಿ ಸಪ್ತಪರ್ಣ, ತುಳುವಿನಲ್ಲಿ ಪಾಲೆ. ದೆಹಲಿ, ಪುಣೆಯ ರಸ್ತೆಗಳಲ್ಲಿ ಅಕ್ಟೋಬರ್ ಸಂಜೆ ತಲೆ ಭಾರವಾಗಿಸುವಂಥ ಘಮ ಬರುತ್ತಲ್ಲ, ಅದು ಬಹುಮಟ್ಟಿಗೆ ಇದರದ್ದೇ.

ಆದರೆ ಶಾಲೆಗಳಲ್ಲಿ ಮರದ ಪಾಠ ಅಂದ್ರೆ ನಮಗೆ ನೆನಪಾಗೋದು ಬೇರೆಯೇ ದೃಶ್ಯ: ಮುಖ್ಯ ಅತಿಥಿ, ಭಾಷಣ, ಪದ್ಯ, ಒಂದು ಗುಂಡಿ, ಒಂದು ಸಸಿ, ಗ್ರೂಪ್ ಫೋಟೋ. ಈ ಮಾದರಿ ಅಮೆರಿಕದಲ್ಲಿ ಬೆಳೆದದ್ದು. ನೆಬ್ರಾಸ್ಕಾ ಅಂದ್ರೆ ಹುಲ್ಲುಗಾವಲು. ವಲಸೆ ಬಂದ ರೈತರಿಗೆ ಸೌದೆ ಇಲ್ಲ, ಮನೆ ಕಟ್ಟೋಕೆ ಮರ ಇಲ್ಲ, ಗಾಳಿಗೆ ಅಡ್ಡ ಏನೂ ಇಲ್ಲ. ಅಲ್ಲಿನ ಪತ್ರಿಕಾ ಸಂಪಾದಕ ಸ್ಟರ್ಲಿಂಗ್ ಮಾರ್ಟನ್ ಒತ್ತಾಯದಿಂದ 1872ರ ಏಪ್ರಿಲ್ 10ರಂದು ಮೊದಲ 'ಆರ್ಬರ್ ಡೇ' ನಡೆಯಿತು. ಹತ್ತು ವರ್ಷದ ನಂತರ ಸಿನ್ಸಿನಾಟಿ ನಗರದ ಶಾಲೆಗಳ ಮುಖ್ಯಸ್ಥ ಜಾನ್ ಪೀಸ್ಲಿ ಅದನ್ನು ಮಕ್ಕಳ ಹಬ್ಬ ಮಾಡಿದರು. ಕವಿಗಳ, ಲೇಖಕರ ಹೆಸರಲ್ಲಿ ಮಕ್ಕಳು ಗಿಡ ನೆಟ್ಟರು, ಅವರ ಸಾಲುಗಳನ್ನು ಒಪ್ಪಿಸಿದರು.

ಮರವೇ ಇಲ್ಲದ ನೆಲಕ್ಕೆ ಇದು ಸರಿಯಾದ ಪಾಠ. ನಮ್ಮಲ್ಲಿ 1950ರ ಜುಲೈನಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಶುರು ಮಾಡಿದ ವನಮಹೋತ್ಸವವೂ ಅದೇ ಜಾತಿಯದು. ಉದ್ದೇಶ ದೊಡ್ಡದಿತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಅದನ್ನೇ ಮರದ ಪೂರ್ತಿ ಪಾಠ ಅಂದುಕೊಂಡದ್ದಕ್ಕೆ. ಮಗು ಸಸಿ ನೆಡುತ್ತೆ. ಗೇಟಿನ ಪಕ್ಕ ಅದರ ಅಜ್ಜನಿಗಿಂತ ಹಳೆಯ ಮರ ನಿಂತಿರುತ್ತೆ, ಅದರ ಹೆಸರು ಮೇಷ್ಟ್ರಿಗೂ ಗೊತ್ತಿರಲ್ಲ!

ಇನ್ನೊಂದು ದಾರಿಯೂ ಇತ್ತು. 1901ರ ಡಿಸೆಂಬರಿನಲ್ಲಿ ಟ್ಯಾಗೋರ್ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಶಾಲೆ ತೆರೆದಾಗ ಪಾಠ ನಡೆದದ್ದು ಮರಗಳ ಕೆಳಗೆ. ಆ ಜಾಗವನ್ನು ಅವರ ತಂದೆ ದೇವೇಂದ್ರನಾಥರು ಮೆಚ್ಚಿಕೊಂಡದ್ದೇ ಎರಡು ಹಾಲೆ ಮರಗಳ ನೆರಳಲ್ಲಿ ದಣಿವಾರಿಸಿಕೊಂಡು. ಇವತ್ತಿಗೂ ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಕೊಡೋದು ಹಾಲೆ ಎಲೆಯ ಗೊಂಚಲು. 1928ರಲ್ಲಿ ಟ್ಯಾಗೋರ್ ಅಲ್ಲಿ ವೃಕ್ಷಾರೋಪಣದ ಉತ್ಸವವನ್ನೂ ಆರಂಭಿಸಿದರು, ನಿಜ. ಆದರೆ ಅಲ್ಲಿ ಗಿಡ ನೆಟ್ಟವರು ವರ್ಷವಿಡೀ ಮರದಡಿ ಕೂತವರು. ಎಲೆ ಯಾವಾಗ ಉದುರುತ್ತೆ, ಚಿಗುರು ಯಾವಾಗ ಬರುತ್ತೆ ಅಂತ ಅವರಿಗೆ ಯಾರೂ ಚಾರ್ಟ್ ತೋರಿಸಬೇಕಿರಲಿಲ್ಲ.

1991ರ ನವೆಂಬರಿನಲ್ಲಿ, ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ, ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಪಠ್ಯ ಬಂತು, ಜೊತೆಗೆ ಪ್ರಶ್ನೆಪತ್ರಿಕೆಯೂ ಬಂತು. ಮರದ ಉಪಯೋಗಗಳನ್ನು ಬರೆಯಿರಿ, ಐದು ಅಂಕ.

ಹೆಸರು ಗೊತ್ತಿಲ್ಲದಿದ್ರೆ ಏನಾಗುತ್ತೆ ಅಂತೀರಾ? ತುಳುನಾಡಿಗೆ ಬನ್ನಿ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮುಂಚೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿಯೋದು ಅಲ್ಲಿನ ಪದ್ಧತಿ. ಅದೇ ಗುಡ್ಡದಲ್ಲಿ ಕಾಸರಕವೂ ಬೆಳೆಯುತ್ತೆ. ಅದರ ತೊಗಟೆಯಲ್ಲಿರೋದು ಸ್ಟ್ರಿಕ್ನಿನ್ ಜಾತಿಯ ವಿಷ. ಗುರುತು ತಪ್ಪಿ ಕಾಸರಕದ ಕಷಾಯ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಆಗಾಗ ಬರುತ್ತೆ. ಹಿಂದೆ ಹಳ್ಳಿ ಹುಡುಗರಿಗೆ ಈ ವ್ಯತ್ಯಾಸ ಪಠ್ಯವಾಗಿರಲಿಲ್ಲ, ದೊಡ್ಡವರ ಹಿಂದೆ ನಡೆದು ಕಲಿತದ್ದು.

ಎರಡನೇ ಕ್ಲಾಸಿನ ಮಗುವಿಗೂ ಇದನ್ನು ತೋರಿಸಬಹುದು. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದಾರು ಏಳು ಎಲೆಗಳು ಛತ್ರಿಯ ಹಾಗೆ ಹರಡಿರುತ್ತವೆ. ಮುರಿದರೆ ಹಾಲು. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡೇ, ಬುಡದಿಂದ ಎದ್ದು ಕಾಣುವ ನರಗಳು, ಹಾಲು ಬರಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ಮಾತ್ರ ಎಲೆ ಎಣಿಸೋಕಾಗಲ್ಲ. ಮರ ಯಾವುದು ಅಂತ ಹಗಲಲ್ಲೇ ನೋಡಿಟ್ಟಿರಬೇಕು.