ಗಣಿ ಕಾರ್ಮಿಕ ವೆಚ್ಚ: ದೇಶಗಳ ಹೋಲಿಕೆ

ಗಣಿ ಕಾರ್ಮಿಕ ವೆಚ್ಚವೆಂದರೆ ಒಂದು ಟನ್ ಅದಿರು ಅಥವಾ ಒಂದು ಔನ್ಸ್ ಲೋಹ ತೆಗೆಯಲು ಸಂಬಳ, ಭತ್ಯೆ, ವಸತಿ, ವಿಮೆಗಳಿಗಾಗಿ ಗಣಿ ಮಾಡುವ ಖರ್ಚು. ದಿನಗೂಲಿಗಳನ್ನು ಡಾಲರ್‌ಗೆ ಬದಲಿಸಿ ಹೋಲಿಸುವ ರೂಢಿ ಇದೆಯಾದರೂ ಅದು ಅರ್ಧ ಚಿತ್ರ ಮಾತ್ರ.

ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾದಲ್ಲಿ ಸಂಬಳ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲೊಂದು. ಕೆಲಸಗಾರರನ್ನು ವಿಮಾನದಲ್ಲಿ ಕರೆತಂದು ಶಿಬಿರಗಳಲ್ಲಿ ಇರಿಸಬೇಕು. ಆದರೂ ಅಲ್ಲಿನ ಕಬ್ಬಿಣದ ಅದಿರು ಅಗ್ಗ. ತೆರೆದ ಗಣಿ, ಉತ್ಕೃಷ್ಟ ಅದಿರು, ದೈತ್ಯ ಟ್ರಕ್ಕುಗಳು ಇದಕ್ಕೆ ಕಾರಣ. ಕೆಲವು ಟ್ರಕ್ಕುಗಳಿಗೆ ಚಾಲಕರೇ ಇಲ್ಲ. ಸುಮಾರು 1,500 ಕಿ.ಮೀ. ದೂರದ ಪರ್ತ್‌ನಿಂದ ಅವುಗಳ ಮೇಲ್ವಿಚಾರಣೆ ನಡೆಯುತ್ತದೆ.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳದು ತದ್ವಿರುದ್ಧ ಸ್ಥಿತಿ. ಅದಿರಿನ ಪದರ ತೆಳು, ಆಳ ಕೆಲವೆಡೆ 3 ಕಿ.ಮೀ.ಗೂ ಹೆಚ್ಚು. ಯಂತ್ರ ನುಗ್ಗದ ಕಡೆ ಆಳುಗಳೇ ಗತಿ. ಮೊಜಾಂಬಿಕ್, ಲೆಸೋಥೊಗಳಿಂದ ಬಂದ ವಲಸೆ ಕಾರ್ಮಿಕರ ಕೂಲಿಯನ್ನು ದಶಕಗಳ ಕಾಲ ಒತ್ತಿಹಿಡಿದೇ ಈ ಉದ್ಯಮ ಬೆಳೆಯಿತು. ‘ಅಗ್ಗದ ಕೂಲಿ’ ಮಾರುಕಟ್ಟೆಯ ಸಹಜ ಫಲವಾಗಿರಲಿಲ್ಲ. 2012ರಲ್ಲಿ ಅದೇ ದೇಶದ ಮಾರಿಕಾನಾ ಪ್ಲಾಟಿನಂ ಗಣಿಯಲ್ಲಿ ತಿಂಗಳಿಗೆ 12,500 ರ‍್ಯಾಂಡ್ ಕೇಳಿ ಮುಷ್ಕರ ಹೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿ, ಆಗಸ್ಟ್ 16ರಂದು 34 ಮಂದಿ ಸತ್ತರು.

ಕೋಲಾರದ ಚಿನ್ನದ ಗಣಿಯೂ ಇಂಥದೇ ಆಗಿತ್ತು: ಆಸ್ಟ್ರೇಲಿಯಕ್ಕೆ ಹೋಲಿಸಿದರೆ ಕೂಲಿ ಅತ್ಯಲ್ಪವಾಗಿತ್ತು. ಆದರೆ ಆಳ ಹೆಚ್ಚಿ ಅದಿರಿನ ಸತ್ವ ಕುಗ್ಗಿದಂತೆ ಉತ್ಪಾದನಾ ವೆಚ್ಚ ಚಿನ್ನದ ಬೆಲೆಯನ್ನೇ ಮೀರಿತು. 2001ರಲ್ಲಿ ಗಣಿ ಮುಚ್ಚಿತು.

ಕಾಂಗೋದಲ್ಲಿ ಕೈಯಿಂದ ಕೋಬಾಲ್ಟ್ ಅಗೆಯುವವರಿಗೆ ಸಂಬಳದ ಪಟ್ಟಿಯೇ ಇಲ್ಲ. ಅಗೆದ ಅದಿರನ್ನು ದಲ್ಲಾಳಿಗೆ ಮಾರಿ ಬಂದಷ್ಟೇ ಆದಾಯ. ಹೀಗಾಗಿ ಅಂತರರಾಷ್ಟ್ರೀಯ ಕೋಷ್ಟಕಗಳಲ್ಲಿ ಅವರ ದುಡಿಮೆ ಬಹುತೇಕ ಲೆಕ್ಕಕ್ಕೇ ಸೇರುವುದಿಲ್ಲ.