ದಿವಾಳಿಯಾದವನ ಬಳಿ ಉಳಿಯುವುದೇನು?

‘ಅವನು ಪಾಪರ್ ಆದ’, ‘ಪಾಪರ್ ಚೀಟಿ ತಗೊಂಡ’ ಎಂಬ ಮಾತು ಹಿರಿಯರ ಬಾಯಲ್ಲಿ ಈಗಲೂ ಕೇಳಿಬರುತ್ತದೆ. ಅದರಲ್ಲಿ ಮರುಕಕ್ಕಿಂತ ಕುಹಕವೇ ಹೆಚ್ಚು. ಸಾಲ ತೀರಿಸಲಾಗದವನು ಮೋಸಗಾರನೇ ಇರಬೇಕು ಎಂಬ ಗುಮಾನಿ ಬಹಳ ಹಳೆಯದು. ‘ಪಾಪರ್’ ನಮಗೆ ಇಂಗ್ಲಿಷ್ ಕೋರ್ಟುಗಳ ಜೊತೆ ಬಂದ ಪದ. ಆ ಕೋರ್ಟುಗಳ ತವರಿನಲ್ಲಿ ಇನ್ನೂರು ವರ್ಷಗಳ ಹಿಂದೆ ಸಾಲ ಮಾಡಿದವನ ಪಾಡು ಹೇಗಿತ್ತು?

1824ರ ಫೆಬ್ರವರಿಯಲ್ಲಿ ಜಾನ್ ಡಿಕನ್ಸ್ ಎಂಬ ಗುಮಾಸ್ತನನ್ನು ಹಿಡಿದು ಲಂಡನ್ನಿನ ಮಾರ್ಷಲ್ಸೀ ಜೈಲಿಗೆ ಹಾಕಿದರು. ಬ್ರೆಡ್ಡಿನ ವ್ಯಾಪಾರಿಯೊಬ್ಬನಿಗೆ ಅವನು 40 ಪೌಂಡು 10 ಷಿಲಿಂಗ್ ಕೊಡಬೇಕಿತ್ತು. ಹನ್ನೆರಡು ವರ್ಷದ ಮಗ ಚಾರ್ಲ್ಸ್ ಆಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ವಾರಕ್ಕೆ ಆರೇಳು ಷಿಲಿಂಗ್ ದುಡಿಯುತ್ತಿದ್ದ. ಜೈಲಿನಲ್ಲಿ ಕೂತವನು ದುಡಿದು ಸಾಲ ತೀರಿಸುವುದಾದರೂ ಹೇಗೆ ಎಂಬ ಪ್ರಶ್ನೆ ಅಂದಿನ ಕಾನೂನನ್ನು ಅಷ್ಟಾಗಿ ಕಾಡಲಿಲ್ಲ.

ಹೊರಬರಲು ಒಂದು ದಾರಿಯಿತ್ತು: ದಿವಾಳಿ ಅರ್ಜಿ. ಆದರೆ ಕುಟುಂಬದ ಬಳಿ ಉಳಿಯುವ ಬಟ್ಟೆಬರೆ, ಸ್ವಂತ ಸಾಮಾನಿನ ಬೆಲೆ 20 ಪೌಂಡು ಮೀರಬಾರದು. ಹಾಗಾಗಿ ಬಾಲಕ ಚಾರ್ಲ್ಸ್ ಕೂಡ ತೊಟ್ಟ ಬಟ್ಟೆಯಲ್ಲೇ ಬೆಲೆ ಕಟ್ಟುವವನ ಮುಂದೆ ನಿಲ್ಲಬೇಕಾಯಿತು. ಅವನ ಜೇಬಿನಲ್ಲಿ ಅಜ್ಜಿ ಕೊಟ್ಟಿದ್ದ ಬೆಳ್ಳಿಯ ಗಡಿಯಾರವಿತ್ತು. ಅದರ ಟಿಕ್ ಟಿಕ್ ಎಲ್ಲಿ ಕೇಳಿಸಿಬಿಡುತ್ತದೋ ಎಂದು ಹುಡುಗನಿಗೆ ದಿಗಿಲು. ಆತ ಬಟ್ಟೆ ನೋಡಿ ಕಳಿಸಿಬಿಟ್ಟ, ಗಡಿಯಾರ ಉಳಿಯಿತು. ಮೇ ತಿಂಗಳಲ್ಲಿ ತಂದೆಗೆ ಬಿಡುಗಡೆಯಾಯಿತು. ಮುಂದೆ ಇದೇ ಹುಡುಗ ‘ಲಿಟಲ್ ಡಾರಿಟ್’ ಕಾದಂಬರಿಯಲ್ಲಿ ಆ ಜೈಲನ್ನು ಚಿತ್ರಿಸಿದ. ಸಾಲಕ್ಕಾಗಿ ಜೈಲಿಗೆ ಹಾಕುವ ಪದ್ಧತಿಯನ್ನು ಇಂಗ್ಲೆಂಡ್ ಬಹುಮಟ್ಟಿಗೆ ಕೈಬಿಟ್ಟಿದ್ದು 1869ರ ಕಾಯಿದೆಯಿಂದ.

ಎಲ್ಲವನ್ನೂ ಕಳೆದುಕೊಂಡವನಿಗೆ ಏನನ್ನು ಬಿಡಬೇಕು ಎಂಬ ಅದೇ ಪ್ರಶ್ನೆಗೆ ನಮ್ಮ ಕಾನೂನಿನ ಉತ್ತರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ನಿನಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು, ಬದುಕಿಗೆ ಬೇಕಾದಷ್ಟು ದನ, ಬಿತ್ತನೆಯ ಕಾಳು, ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ: ಇವನ್ನು ಜಪ್ತಿ ಮಾಡುವಂತಿಲ್ಲ. 1920ರ ಪ್ರಾಂತೀಯ ದಿವಾಳಿ ಕಾಯಿದೆಯೂ ಇದನ್ನೇ ಒಪ್ಪಿತು. 500 ರೂಪಾಯಿಗಿಂತ ಕಡಿಮೆಯಿಲ್ಲದ ಸಾಲವಿದ್ದು ತೀರಿಸಲಾಗದವನು ಕೋರ್ಟಿಗೆ ತಾನೇ ಅರ್ಜಿ ಹಾಕಬಹುದು. ಜಪ್ತಿಯಿಂದ ವಿನಾಯಿತಿ ಇರುವುದನ್ನು ಬಿಟ್ಟು ಉಳಿದ ಆಸ್ತಿ ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ.

ಆದರೂ ಸಿವಿಲ್ ಜೈಲಿನ ಭಯ ಹೋಗಲಿಲ್ಲ. ಬ್ಯಾಂಕ್ ಸಾಲದ ಪ್ರಕರಣವೊಂದರಲ್ಲಿ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಗೆರೆ ಎಳೆಯಿತು: ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವನು ಬೇರೆ, ಕೊಡಲು ಗತಿಯಿಲ್ಲದವನು ಬೇರೆ. ಬಡತನ ಅಪರಾಧವಲ್ಲ.

2016ರ ದಿವಾಳಿ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇರುವ, ಸ್ವಂತ ಮನೆಯಿಲ್ಲದವನ ಸಾಲ ಮನ್ನಾ ಮಾಡಿ ‘ಹೊಸ ಆರಂಭ’ಕ್ಕೆ ಅವಕಾಶ ಕೊಡುವ ಅಧ್ಯಾಯ ಅದರಲ್ಲಿದೆ. ಆದರೆ 2019ರಲ್ಲಿ ವ್ಯಕ್ತಿಗಳ ದಿವಾಳಿಯ ಭಾಗ ಜಾರಿಗೆ ಬಂದಾಗ, ಅದು ಅನ್ವಯಿಸಿದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನೇಗಿಲು, ಪಾತ್ರೆ, ಹಾಸಿಗೆಯಷ್ಟೇ ಉಳಿದವನ ಸರದಿ ಆಗಲೂ ಬರಲಿಲ್ಲ.